ಅಂಕೆ ಕೊಟ್ಟೆವು, ಅಕ್ಷರ ಕೊಡಲಿಲ್ಲ

ಅರವತ್ತೆರಡನೆಯ ವಯಸ್ಸಿನಲ್ಲಿ ನನಗೆ ಎರಡನೆಯ ಬಾರಿ ಅಕ್ಷರಾಭ್ಯಾಸವಾಯಿತು. ಮೊದಲನೆಯದು ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಮನೆಯಲ್ಲಿ, ಅಕ್ಕಿ ಹರಡಿದ ಹರಿವಾಣದ ಮೇಲೆ ಅಪ್ಪಯ್ಯ ನನ್ನ ಬೆರಳು ಹಿಡಿದು ತಿದ್ದಿಸಿದ್ದು. ಎರಡನೆಯದು ತೀರ್ಥಹಳ್ಳಿಯಲ್ಲಿ, ಮಗಳ ಮನೆಯ ಜಗುಲಿಯ ಮೇಲೆ. ಈ ಸಲ ಬೆರಳು ಹಿಡಿದವಳು ಏಳು ವರ್ಷದ ಮೊಮ್ಮಗಳು. ಅವಳಿಗೆ ಹುಟ್ಟಿದಂದಿನಿಂದ ಕಿವಿ ಕೇಳಿಸದು. ನನ್ನ ಎಡಗೈಯನ್ನು ಅಗಲಿಸಿ ಹಿಡಿದು, ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಒಂದೊಂದು ತುದಿಯನ್ನೂ ತನ್ನ ತೋರುಬೆರಳಿನಿಂದ ಮುಟ್ಟುತ್ತ ಹೋದಳು: ಎ, ಇ, ಐ, ಓ, ಯು. ಇಂಗ್ಲಿಷಿನ ಐದು ಸ್ವರಗಳು ಐದು ಬೆರಳ ತುದಿಗಳಲ್ಲಿ ಕುಳಿತವು. ಸಾಗರದ ಪೇಟೆಯಲ್ಲಿ ನಲವತ್ತು ವರ್ಷ ಅಡಿಕೆ ವ್ಯಾಪಾರ ಮಾಡಿ, ಇದೇ ಬೆರಳುಗಳಲ್ಲಿ ಲೆಕ್ಕ ಎಣಿಸಿದ ನನಗೆ, ಅವುಗಳ ತುದಿಯಲ್ಲಿ ಅಕ್ಷರಗಳೂ ಇರಬಲ್ಲವೆಂದು ಅಂದಿನವರೆಗೆ ತೋಚಿರಲಿಲ್ಲ.

ಇದನ್ನು ಬೆರಳ ಕಾಗುಣಿತವೆಂದು ಕರೆಯಬಹುದು. ಇದೇ ಸಂಜ್ಞಾಭಾಷೆಯೆಂದು ಹಲವರು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅದು ಸರಿಯಲ್ಲ. ಸಂಜ್ಞಾಭಾಷೆಯಲ್ಲಿ ಮನೆ, ನೀರು, ನಾಳೆ, ಕೋಪ ಎಂಬವಕ್ಕೆಲ್ಲ ತಮ್ಮದೇ ಆದ ಸಂಜ್ಞೆಗಳುಂಟು, ಅವನ್ನು ಜೋಡಿಸುವ ವ್ಯಾಕರಣವುಂಟು, ಹುಬ್ಬು ಏರಿಸುವುದಕ್ಕೂ ತಲೆ ಅಲ್ಲಾಡಿಸುವುದಕ್ಕೂ ನಿಯತವಾದ ಅರ್ಥವುಂಟು. ಭಾರತೀಯ ಸಂಜ್ಞಾಭಾಷೆಯಲ್ಲಿ ಪ್ರಶ್ನೆಯ ಪದ ವಾಕ್ಯದ ಕೊನೆಗೆ ಬರುತ್ತದೆ; 'ನಿನ್ನ ಹೆಸರು ಏನು' ಎಂದು ಕೇಳುವ ಕನ್ನಡಿಗನಿಗೆ ಇದು ಪರಕೀಯವೆನಿಸದು. ಬೆರಳ ಕಾಗುಣಿತ ಬೇಕಾಗುವುದು ಸಂಜ್ಞೆಯಿಲ್ಲದ ಕಡೆ: ಹೊಸಬರ ಹೆಸರು, ಊರ ಹೆಸರು, ಔಷಧಿಯ ಹೆಸರು, ಪಾಠದಲ್ಲಿ ಬಂದ ಹೊಸ ಶಬ್ದ. ಒಂದು ಮಾತಿನಲ್ಲಿ ಹೇಳುವುದಾದರೆ, ಕೈಯ ಭಾಷೆಯಿಂದ ಬರೆಹದ ಭಾಷೆಗೆ ಹಾಕಿದ ಕಾಲುಸಂಕ ಅದು. ಆ ಸಂಕವಿಲ್ಲದೆ ಹೋದರೆ ಆಚೆ ದಡದ ಪುಸ್ತಕ, ಪತ್ರ, ಕರಾರು ಯಾವುದೂ ಕೈಗೆಟುಕುವುದಿಲ್ಲ.

ನಾನು ಮೊದಲು ಬರೆಯಹೋದದ್ದು ಹೊಂಬುಜದ ಹೆಸರನ್ನು. ಕನ್ನಡದಲ್ಲಿ ಮೂರೇ ಅಕ್ಷರ. ಬೆರಳುಗಳಲ್ಲಿ ಎಚ್, ಓ, ಎಂ, ಬಿ, ಯು, ಜೆ, ಎ ಎಂದು ಏಳಾಯಿತು. ಅಂಗೈಯ ಮೇಲೆ ಮೂರು ಬೆರಳು ಮಲಗಿಸಿದರೆ ಎಂ, ಎರಡು ಮಲಗಿಸಿದರೆ ಎನ್. ಮುಪ್ಪಿನಿಂದ ಬಿಗಿತುಕೊಂಡ ನನ್ನ ಉಂಗುರಬೆರಳು ಮಡಿಚೆಂದರೆ ಮಡಿಚದು. ಆದ್ದರಿಂದ ನನ್ನ ಎನ್‌ಗಳೆಲ್ಲ ಎಂಗಳೇ. ಮಾಡಿ ತೋರಿಸುವುದಕ್ಕಿಂತಲೂ ಎದುರಿನವರದನ್ನು ಓದುವುದು ಕಠಿಣ. ಭಾನುವಾರಗಳಂದು ಮೊಮ್ಮಗಳಿಗೆ ಕಲಿಸಲು ಬರುವ ತರುಣನೊಬ್ಬನಿದ್ದಾನೆ, ಅವನೂ ಕಿವುಡನೇ. ಅವನ ಕೈ ಓಡುವಾಗ ನಾನು ಒಂದೊಂದಕ್ಷರವನ್ನೂ ಹೆಕ್ಕಲು ಹೋಗಿ, ಮೂರನೆಯದು ಸಿಕ್ಕುವಷ್ಟರಲ್ಲಿ ಮೊದಲನೆಯದನ್ನು ಮರೆಯುತ್ತಿದ್ದೆ. ಪದವನ್ನು ಇಡಿಯಾಗಿ ನೋಡಬೇಕು, ಅಕ್ಷರಗಳನ್ನು ಎಣಿಸಬಾರದು ಎಂದು ಅವನು ಕಾಗದದ ಮೇಲೆ ಬರೆದು ತೋರಿಸಿದ. ಎಣಿಸುವುದನ್ನು ಬಿಡಲು ವ್ಯಾಪಾರಿಗೆ ಎರಡು ವರ್ಷ ಬೇಕಾಯಿತು.

ನಮ್ಮ ದೇಶದಲ್ಲಿ ಇಂಗ್ಲಿಷಿಗೆ ಬಳಸುವ ಈ ಎರಡು ಕೈಗಳ ಅಕ್ಷರಮಾಲೆ ಬ್ರಿಟಿಷರ ಪದ್ಧತಿಯಿಂದ ಬಂದದ್ದು. ಅಮೆರಿಕದವರಿಗೆ ಒಂದೇ ಕೈ ಸಾಕು. ಒಂದು ಕೈಯ ಅಕ್ಷರಮಾಲೆಯನ್ನು ಚಿತ್ರಸಹಿತ ಕೊಟ್ಟ ಹುವಾನ್ ಪಾಬ್ಲೊ ಬೊನೆಟ್‌ನ ಪುಸ್ತಕ ಸ್ಪೇನಿನಲ್ಲಿ 1620ರಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು, ಹದಿನಾರನೆಯ ಶತಮಾನದಲ್ಲಿ, ಅಲ್ಲಿ ಕಿವುಡ ಮಕ್ಕಳಿಗೆ ವಿದ್ಯೆ ಕಲಿಸಿದವನು ಪೆದ್ರೊ ಪೊನ್ಸೆ ಎಂಬ ಕ್ರೈಸ್ತ ಸನ್ಯಾಸಿ. ಅವನ ಪಂಥದ ಮಠಗಳಲ್ಲಿ ಮೌನದ ಹೊತ್ತಿಗೆಂದು ಕೈಸನ್ನೆಗಳು ರೂಢಿಯಲ್ಲಿದ್ದವು. ಹಾಗೆಂದು ಇದು ಪರದೇಶದ ವಿದ್ಯೆಯೇ ಎಂದರೆ ಅದೂ ಅಲ್ಲ. ವಾತ್ಸ್ಯಾಯನನು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಅಕ್ಷರಮುಷ್ಟಿಕೆಯೂ ಒಂದು. (ಅವನು ಯಾವ ಗ್ರಂಥದಲ್ಲಿ ಎಣಿಸಿದನೆಂಬುದನ್ನು ಈ ಪತ್ರಿಕೆಯಲ್ಲಿ ಬರೆಯಲು ಸಂಕೋಚ, ಬಲ್ಲವರು ಬಲ್ಲರು.) ಯಶೋಧರನ ವ್ಯಾಖ್ಯಾನವು ಅದರ ವಿಧಾನವನ್ನೂ ವಿವರಿಸುತ್ತದೆ. ಏಳು ವರ್ಗಗಳಿಗೆ ಮುಷ್ಟಿ, ಪತಾಕ, ತ್ರಿಪತಾಕ, ಅಂಕುಶ ಮೊದಲಾದ ಏಳು ಹಸ್ತಗಳು. ವರ್ಗದೊಳಗಿನ ಅಕ್ಷರಗಳಿಗೆ ಬೆರಳುಗಳು. ಸ್ವರಗಳಿಗೆ ಬೆರಳ ಗೆಣ್ಣುಗಳು. ಕ ಖ ಗ ಘ ಙ ಎಂದು ಐದೈದರ ಸಾಲಿನಲ್ಲಿ ನಿಂತ ನಮ್ಮ ವರ್ಣಮಾಲೆ ಕೈಗೆಂದೇ ಮಾಡಿದಂತಿದೆ! ಆದರೆ ಆ ಕಲೆಯನ್ನು ಹೇಳಿರುವುದು ಗುಟ್ಟಿನ ಮಾತಿಗಾಗಿ. ಕಿವುಡ ಮಗುವಿಗೆ ಓದು ಕಲಿಸಲು ಅದನ್ನು ಬಳಸಿದರೆಂದು ನಾನು ಎಲ್ಲಿಯೂ ಓದಿಲ್ಲ.

ಗುಟ್ಟಿನ ಬೆರಳ ವಿದ್ಯೆ ವ್ಯಾಪಾರಿಗಳಲ್ಲಿಯೂ ಇತ್ತು. ದನಗಳ ಜಾತ್ರೆಯಲ್ಲಿ ಕೊಳ್ಳುವವನೂ ಮಾರುವವನೂ ಟವೆಲಿನ ಮರೆಯಲ್ಲಿ ಕೈ ಕೂಡಿಸಿ, ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಹಿರಿಯ ಓದುಗರು ಕಂಡಿರುತ್ತಾರೆ. ಒಂದು ಬೆರಳು ಹಿಡಿದರೆ ಒಂದು; ಅದು ಹತ್ತೋ ನೂರೋ ಎಂಬುದು ಇಬ್ಬರಿಗೂ ಗೊತ್ತು, ಪಕ್ಕದಲ್ಲಿ ನಿಂತವನಿಗೆ ಗೊತ್ತಿಲ್ಲ. ಒಂದು ಕಾಲಕ್ಕೆ ನಾಡಿನ ಹಲವು ಸಗಟು ಪೇಟೆಗಳಲ್ಲಿಯೂ ಹೀಗೆ ನಡೆಯುತ್ತಿತ್ತು. ನಿಯಂತ್ರಿತ ಮಾರುಕಟ್ಟೆಗಳು ಬಹಿರಂಗ ಹರಾಜನ್ನು ತಂದದ್ದೇ ಇದನ್ನು ನಿಲ್ಲಿಸಲು.

ಈ ವಿದ್ಯೆಯಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಪುಣನಾಗಿದ್ದವನು ನನ್ನ ಅಣ್ಣ. ನನಗಿಂತ ಆರು ವರ್ಷ ಹಿರಿಯ. ಹುಟ್ಟು ಕಿವುಡ, ಊರವರ ಬಾಯಲ್ಲಿ 'ಮೂಗ'. ಅಪ್ಪಯ್ಯ ಎತ್ತು ಕೊಳ್ಳಲು ಹೊರಟರೆ ಅವನನ್ನೇ ಕರೆದೊಯ್ಯುತ್ತಿದ್ದರು. ಟವೆಲಿನ ಕೆಳಗೆ ಅವನ ಬೆರಳು ಸೋತದ್ದನ್ನು ನಾನು ಕಾಣೆ. ಅಂಗಳದಲ್ಲಿ ಅಡಿಕೆ ಹರಡಿದರೆ ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿ, ಒಂದೊಂದಕ್ಕೂ ತನ್ನದೇ ಸನ್ನೆ ಮಾಡಿ ತೂಕ ಹೇಳುತ್ತಿದ್ದ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮುನಿಗಳ ವಿಹಾರ ನಮ್ಮೂರಿಗೆ ಬಂದು, ನಮ್ಮ ಮನೆಯಲ್ಲಿ ಆಹಾರದಾನದ ಪುಣ್ಯ ಒದಗಿದಾಗ, ಮೌನದಲ್ಲಿ ನಿಂತ ಮಹಾರಾಜರು ಬೆರಳು ಮಿಸುಕಿದರೆ ಅದು ನೀರಿಗೋ ಸಾಕೆಂದೋ ತಿಳಿಯದೆ ನಾವೆಲ್ಲ ಗಡಿಬಿಡಿಗೊಳ್ಳುತ್ತಿದ್ದೆವು. ಅಣ್ಣ ಮಾತ್ರ ಆ ಸನ್ನೆ ಮುಗಿಯುವುದರೊಳಗೆ ಸರಿಯಾದ ಪಾತ್ರೆಯನ್ನು ಅಮ್ಮನ ಕೈಗೆ ಕೊಟ್ಟಿರುತ್ತಿದ್ದ. ಆ ಅರ್ಧ ಗಂಟೆ ಇಡೀ ಮನೆ ಅವನ ಭಾಷೆಯನ್ನಾಡುತ್ತಿತ್ತು. ಆಮೇಲೆ ನಾವು ನಮ್ಮ ಮಾತಿಗೆ ಮರಳುತ್ತಿದ್ದೆವು.

ಆದಿಪುರಾಣವನ್ನು ಓದಿದವರೆಲ್ಲರಿಗೂ ಆದಿನಾಥ ಸ್ವಾಮಿಯು ಹೆಣ್ಣುಮಕ್ಕಳಿಬ್ಬರಿಗೂ ವಿದ್ಯೆಯನ್ನಿತ್ತ ಪ್ರಸಂಗ ತಿಳಿದೇ ಇದೆ. ಬಲಗೈಯಿಂದ ಬ್ರಾಹ್ಮಿಗೆ ಅಕ್ಷರ, ಎಡಗೈಯಿಂದ ಸುಂದರಿಗೆ ಅಂಕೆ. ಎಷ್ಟೋ ಸಲ ಪಾರಾಯಣ ಮಾಡಿದ ಈ ಪ್ರಸಂಗ, ಮೊಮ್ಮಗಳು ನನ್ನ ಎಡಗೈ ಹಿಡಿದ ದಿನ ಬೇರೆಯಾಗಿ ಕಂಡಿತು. ನನ್ನ ಅಣ್ಣನಿಗೆ ನಾವು ಸುಂದರಿಯ ಪಾಠವನ್ನು ಮಾತ್ರ ಮಾಡಿದ್ದೆವು. ಎತ್ತಿನ ಬೆಲೆಗೆ, ಅಡಿಕೆಯ ತೂಕಕ್ಕೆ ಅಂಕೆ ಬೇಕಿತ್ತು, ಅಂಕೆಯನ್ನು ಕೊಟ್ಟೆವು. ಅವನ ಅಕ್ಷರದಿಂದ ನಮಗೆ ಆಗಬೇಕಾದ ಕೆಲಸವಿರಲಿಲ್ಲ, ಅಕ್ಷರವನ್ನು ಕೊಡಲಿಲ್ಲ. ಅವನು ಬುದ್ಧಿಯಿಲ್ಲದವನೆಂದು ನಾವು ಯಾರೂ ಭಾವಿಸಿರಲಿಲ್ಲ ಎಂಬುದೇ ಇದನ್ನು ಇನ್ನಷ್ಟು ಭಾರವಾಗಿಸುತ್ತದೆ.

ಅಪ್ಪಯ್ಯ 1987ರಲ್ಲಿ ತೀರಿಕೊಂಡರು. 1989ರಲ್ಲಿ ಪಾಲಾಯಿತು. ಅಣ್ಣ ಅವಿವಾಹಿತ, ಅವನಿಗೆ ಪಾಲು ಏಕೆ, ನೋಡಿಕೊಳ್ಳುವವರು ನಾವೇ ಅಲ್ಲವೇ ಎಂದು ಹಿರಿಯರು ಹೇಳಿದರು. ಹಕ್ಕು ಬಿಡುಗಡೆ ಪತ್ರವನ್ನು ಬರೆಸಿದ್ದು ನಾನು. ಅವನ ಎಡಗೈ ಹೆಬ್ಬೆರಳನ್ನು ಮಸಿಯಲ್ಲಿ ಒತ್ತಿ ಕಾಗದದ ಮೇಲಿಟ್ಟದ್ದೂ ನಾನೇ. ಹೊರಗೆ ಬಂದ ಮೇಲೆ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ ಅವನು ಕೈ ತಿರುಗಿಸಿ ಏನೆಂದು ಕೇಳಿದ. ನಾನು ಕೈಯನ್ನು ಸುತ್ತ ಬೀಸಿ, ಅವನ ಎದೆಯನ್ನೂ ನನ್ನ ಎದೆಯನ್ನೂ ತಟ್ಟಿದೆ: ಎಲ್ಲ ನಮ್ಮದು. ಅವನು ನಕ್ಕು ತಲೆಯಾಡಿಸಿದ. 2009ರಲ್ಲಿ ತೀರಿಕೊಳ್ಳುವವರೆಗೂ ಅವನಿಗೆ ಊಟ, ಬಟ್ಟೆ, ಔಷಧಿ ಯಾವುದರಲ್ಲಿಯೂ ಕೊರತೆ ಮಾಡಲಿಲ್ಲ. ಒಂದು ಎಕರೆ ಹತ್ತು ಗುಂಟೆ ಅಡಿಕೆ ತೋಟ ತನ್ನದಾಗಿತ್ತು, ಅಂದಿನಿಂದ ತನ್ನದಲ್ಲ ಎಂಬುದು ಅವನಿಗೆ ತಿಳಿಯಲೇ ಇಲ್ಲ.

ನಾನು ಬಿ.ಕಾಂ. ಓದಿದವನು. 1872ರ ಕರಾರು ಕಾಯಿದೆಯ ಪ್ರಕಾರ ಒಪ್ಪಿಗೆ ಎಂದರೆ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪುವುದು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದಿದ್ದೇನೆ. ಹುಟ್ಟು ಕಿವುಡರನ್ನೂ ಮೂಕರನ್ನೂ ಪಿತ್ರಾರ್ಜಿತದಿಂದ ಹೊರಗಿಡುತ್ತಿದ್ದ ಹಳೆಯ ಧರ್ಮಶಾಸ್ತ್ರದ ಕಟ್ಟಳೆಯನ್ನು 1928ರ ಕಾಯಿದೆಯೇ ತೆಗೆದುಹಾಕಿತ್ತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಂ, ಯಾವ ರೋಗ ಅಥವಾ ಅಂಗವೈಕಲ್ಯದ ಕಾರಣದಿಂದಲೂ ಉತ್ತರಾಧಿಕಾರ ತಪ್ಪದೆಂದು ಹೇಳುತ್ತದೆ. ಮಾತನಾಡಲಾರದ ಸಾಕ್ಷಿಯು ಸನ್ನೆಯಿಂದ ಹೇಳಿದ್ದನ್ನು ಬಾಯಿಮಾತಿನ ಸಾಕ್ಷ್ಯವೆಂದೇ ಎಣಿಸಬೇಕೆಂದು 1872ರ ಸಾಕ್ಷ್ಯ ಕಾಯಿದೆಯ 119ನೆಯ ಕಲಮಿನಲ್ಲಿತ್ತು. ಕಾನೂನು ನಮಗಿಂತ ಮುಂದಿತ್ತು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ನ್ಯಾಯವಾದಿ ಸಾರಾ ಸನ್ನಿ ಅವರು ಸಂಜ್ಞಾಭಾಷೆಯ ದುಭಾಷಿಯೊಂದಿಗೆ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದರು. 2024ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿಯೂ ಹೀಗೆಯೇ ವಾದಿಸಿದರು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿ, ಅದನ್ನು ಕತ್ತರಿಸಿ ಇಟ್ಟುಕೊಂಡೆ. ಯಾರಿಗೂ ತೋರಿಸಲಿಲ್ಲ.

ನಾನು ಅಂದು ಸುಳ್ಳು ಹೇಳಿದೆನೇ? ಬಾಯಿಂದ ಒಂದು ಮಾತನ್ನೂ ಆಡಿರಲಿಲ್ಲ. ಈ ಸಮಾಧಾನ ನನಗೆ ಮೂವತ್ತು ವರ್ಷ ಸಾಕಾಯಿತು. ಅದನ್ನು ಕಳೆದದ್ದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ. ದೇಶವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿ ಆಚಾರ್ಯರು ಶಬ್ದಾನುಪಾತದ ಜೊತೆಯಲ್ಲಿಯೇ ರೂಪಾನುಪಾತವನ್ನೂ ಇಟ್ಟಿದ್ದಾರೆ. ಗೆರೆಯ ಒಳಗೇ ಕುಳಿತು, ಹೊರಗಿನವನಿಗೆ ಕೆಮ್ಮಿ ಸೂಚನೆ ಕೊಟ್ಟರೂ ವ್ರತಕ್ಕೆ ದೋಷ. ತನ್ನ ರೂಪವನ್ನೋ ಅಂಗಚೇಷ್ಟೆಯನ್ನೋ ತೋರಿಸಿ ಸೂಚಿಸಿದರೂ ಅಷ್ಟೇ ದೋಷ. ಹಾಗಾದರೆ ಆಚಾರ್ಯರ ದೃಷ್ಟಿಯಲ್ಲಿ ಕೈಯ ಸನ್ನೆಯೂ ಮಾತೇ. ಕೈಯಿಂದ ಹೇಳಿದ ಸುಳ್ಳೂ ಸುಳ್ಳೇ.

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಆರ್ಜವದ ದಿನ, ಮೊಮ್ಮಗಳನ್ನು ಪ್ರವಚನಕ್ಕೆ ಕರೆದುಕೊಂಡು ಹೋಗಿದ್ದೆ. ಪಕ್ಕದಲ್ಲಿ ಕುಳಿತು, ನನಗೆ ಬಂದಷ್ಟನ್ನು ಅವಳಿಗೆ ಕೈಯಲ್ಲಿ ಹೇಳುತ್ತಿದ್ದೆ. ಹಿರಿಯರೊಬ್ಬರು ಸೌಜನ್ಯದಿಂದಲೇ, "ಮಗುವನ್ನು ಯಾಕೆ ದಣಿಸ್ತೀರಿ ಮಾರಾಯರೆ? ಕೇಳುವವನಿಗಲ್ಲವೆ ಶ್ರಾವಕ ಅಂತ ಹೆಸರು?" ಎಂದರು. ಶಬ್ದದ ವ್ಯುತ್ಪತ್ತಿ ಅವರು ಹೇಳಿದಂತೆಯೇ ಇದೆ. ಅಂದು ನನಗೆ ಉತ್ತರ ಹೊಳೆಯಲಿಲ್ಲ, ಈಗ ಬರೆಯುತ್ತಿದ್ದೇನೆ. ಅದೇ ಸೂತ್ರಗ್ರಂಥದ ಎರಡನೆಯ ಅಧ್ಯಾಯದಲ್ಲಿ ಶ್ರುತವು ಮನಸ್ಸಿನ ವಿಷಯವೆಂದು ಹೇಳಿದೆ, ಕಿವಿಯದೆಂದು ಹೇಳಿಲ್ಲ. ಮತಿ ಮತ್ತು ಶ್ರುತ, ಸಮ್ಯಕ್ಕಾಗಿಯೋ ಮಿಥ್ಯೆಯಾಗಿಯೋ, ಸಂಸಾರಿ ಜೀವಗಳೆಲ್ಲಕ್ಕೂ ಉಂಟೆಂಬುದು ನಮ್ಮ ಸಿದ್ಧಾಂತ. ಕಿವಿಯೇ ಇಲ್ಲದ ಏಕೇಂದ್ರಿಯಕ್ಕೂ ಉಂಟು. ಗೊಮ್ಮಟಸಾರದಲ್ಲಿ ನೇಮಿಚಂದ್ರ ಆಚಾರ್ಯರು ಅಕ್ಷರಾತ್ಮಕ, ಅನಕ್ಷರಾತ್ಮಕ ಎಂದು ಶ್ರುತದ ಎರಡು ಭೇದಗಳನ್ನು ಹೇಳುತ್ತಾರೆ. ಮರಕ್ಕೆ ಇರುವುದನ್ನು ಮಗುವಿಗೆ ಇಲ್ಲವೆನ್ನಲು ನಾವು ಯಾರು?

ಮೊಮ್ಮಗಳ ವಿಷಯವನ್ನು ಹೆಚ್ಚು ಬರೆಯಲಾರೆ, ಅವಳು ದೊಡ್ಡವಳಾಗಿ ಇದನ್ನು ಓದುವಳು. ಒಂದನ್ನು ಮಾತ್ರ ಹೇಳದೆ ಬಿಟ್ಟರೆ ಆರ್ಜವವಾಗದು. ಸಂಬಂಧ ಹೊರಗೆ ಹೋಗಬಾರದೆಂದು ಮಗಳನ್ನು ಸೋದರಳಿಯನಿಗೇ ಕೊಟ್ಟವನು ನಾನು. ರಕ್ತಸಂಬಂಧದ ಮದುವೆಗಳಲ್ಲಿ ವಂಶವಾಹಿ ಕಿವುಡುತನದ ಸಂಭವ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ನಮ್ಮದು ಚಿಕ್ಕ ಸಮಾಜ. ಮನೆಗಳು ಕೆಲವೇ, ಜಾತಕಗಳು ಸುತ್ತಿ ಸುತ್ತಿ ಅವೇ ಬಾಗಿಲಿಗೆ ಬರುತ್ತವೆ. ಹೆಣ್ಣು ಗಂಡು ನೋಡುವವರು ಗೋತ್ರದ ಜೊತೆಗೆ ಇದನ್ನೂ ನೋಡಲಿ. ಮಗು ಹುಟ್ಟಿದ ಕೂಡಲೇ ಕಿವಿಯ ಪರೀಕ್ಷೆಯನ್ನು ಮಾಡಿಸಲಿ. ನಾವು ಗಮನಿಸುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಶ್ರವಣಯಂತ್ರ ಹಾಕಿಸಿದ್ದೇವೆ, ಅಲ್ಪಸ್ವಲ್ಪ ಪ್ರಯೋಜನವಾಗಿದೆ. ಸನ್ನೆ ಕಲಿಸಿದರೆ ಮಾತು ಬಾರದು ಎಂದು ಹೆದರಿಸಿದವರಿ‌ದ್ದರು. ಇದು ಹಳೆಯ ಹೆದರಿಕೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡರ ಶಾಲೆಗಳಿಂದ ಸಂಜ್ಞಾಭಾಷೆಯನ್ನು ಹೊರಹಾಕುವ ನಿರ್ಣಯವನ್ನು ಮಾಡಿತು. 130 ವರ್ಷಗಳ ಬಳಿಕ, 2010ರಲ್ಲಿ, ವ್ಯಾಂಕೂವರಿನ ಸಮ್ಮೇಳನವು ಅದನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ನಮ್ಮ ಬೆಂಗಳೂರಿನ ಕಿವುಡರ ಸಂಜ್ಞೆಗಳನ್ನು ಮದನ್ ವಾಸಿಷ್ಠರೂ ಅವರ ಸಂಗಡಿಗರೂ ಸಂಗ್ರಹಿಸಿ 1985ರಲ್ಲಿಯೇ ಪುಸ್ತಕ ಮಾಡಿದ್ದರು. ಆ ವರ್ಷ ಅಣ್ಣನಿಗೆ ಇನ್ನೂ ಮೂವತ್ತೆರಡು. ದೆಹಲಿಯ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾದದ್ದು 2015ರಲ್ಲಿ. 2021ರಲ್ಲಿ ಹೊರಬಂದ ಅದರ ನಿಘಂಟಿನ ಮೂರನೆಯ ಆವೃತ್ತಿಯಲ್ಲಿ 10,000 ಪದಗಳಿವೆ. ನನ್ನಂಥವನೂ ರಾತ್ರಿ ಅಂಗಡಿಯ ಲೆಕ್ಕ ಮುಗಿಸಿ ಮೊಬೈಲಿನಲ್ಲಿ ಸಂಜ್ಞೆಗಳನ್ನು ನೋಡಿ ಕಲಿಯಬಹುದು.

ಬಸದಿಗಳ ಆಡಳಿತ ಮಂಡಳಿಯವರಲ್ಲಿ ಒಂದು ಅರಿಕೆ. ಶಾಸ್ತ್ರದಾನಕ್ಕೆಂದು ನಾವು ಗ್ರಂಥಗಳನ್ನು ಅಚ್ಚು ಹಾಕಿಸುತ್ತೇವೆ, ಧ್ವನಿವರ್ಧಕವನ್ನು ದಾನ ಮಾಡುತ್ತೇವೆ. ಧ್ವನಿ ಎಷ್ಟು ವರ್ಧಿಸಿದರೂ ಮುಟ್ಟದವರು ಸಭೆಯಲ್ಲಿ ಒಬ್ಬರಾದರೂ ಇರಬಹುದು. ಹೊಂಬುಜದ ರಥೋತ್ಸವದಂಥ ದಿನಗಳಲ್ಲಾದರೂ ಒಬ್ಬ ಸಂಜ್ಞಾಭಾಷೆಯ ದುಭಾಷಿಯನ್ನು ಕರೆಸಿ, ಕಾಣುವ ಕಡೆ ನಿಲ್ಲಿಸಲು ಹೆಚ್ಚು ವೆಚ್ಚವಾಗದು. ರಜೆಯ ಶಿಬಿರಗಳಲ್ಲಿ ಮಕ್ಕಳಿಗೆ ಭಕ್ತಾಮರವನ್ನು ಕಲಿಸುವ ಜೊತೆಗೆ ಈ ಇಪ್ಪತ್ತಾರು ಬೆರಳಕ್ಷರಗಳನ್ನೂ ಕಲಿಸಲಿ. ಮಕ್ಕಳಿಗೆ ಒಂದು ಮಧ್ಯಾಹ್ನ ಸಾಕು. ಇಂಗ್ಲಿಷ್ ಅಕ್ಷರಗಳೇ ಏಕೆ ಎಂದು ಕೆಲವರು ಕೇಳಬಹುದು. ನನಗೂ ಆ ಕೊರಗು ಇದೆ. ಕಿವುಡ ತರುಣರು ನಮ್ಮ ಕಡೆ ಬಳಸುತ್ತಿರುವುದು ಅವನ್ನೇ. ಅವರ ಭಾಷೆಯನ್ನು ತಿದ್ದಲು ಹೊರಡುವ ಮೊದಲು ಕಲಿಯೋಣ. ಮೊಮ್ಮಗಳು ಎರಡನ್ನೂ ಇಟ್ಟುಕೊಂಡಿದ್ದಾಳೆ: ಅವಸರವಿದ್ದರೆ ಬೆರಳ ಕಾಗುಣಿತ, ನಾನು ತಬ್ಬಿಬ್ಬಾದರೆ ನನ್ನ ಅಂಗೈಯ ಮೇಲೆಯೇ ಕನ್ನಡದ ಅಕ್ಷರ.

ಅಣ್ಣನ ಪಾಲಿನ ತೋಟದ ಫಸಲಿಗೆ ಎರಡು ವರ್ಷದಿಂದ ಅವನ ಹೆಸರಿನಲ್ಲಿ ಬೇರೆ ಖಾತೆ ತೆರೆದು ಬರೆಯುತ್ತಿದ್ದೇನೆ. "ಸತ್ತವರಿಗೆ ಪಾಲು ಹಂಚುದು ಉಂಟಾ ಅಣ್ಣಯ್ಯ?" ಎಂದು ತಮ್ಮ ಕೇಳಿದ. ಕಾನೂನಿನಂತೆ ಅವನ ವಾರಸುದಾರರು ನಾವೇ. ಕದ್ದವನೇ ವಾರಸುದಾರನೂ ಆದರೆ ಹಿಂದಿರುಗಿಸುವುದು ಯಾರಿಗೆ? ಸದ್ಯಕ್ಕೆ ಆ ಖಾತೆಯಿಂದ, ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಮಕ್ಕಳಿರುವ ಮನೆಗಳಿಗೆ ಹೋಗಿ ಕಲಿಸುವ ಆ ತರುಣನ ಬಸ್ ಚಾರ್ಜಿಗೂ ಸಂಬಳಕ್ಕೂ ಕೊಡುತ್ತಿದ್ದೇನೆ. ಉಳಿದದ್ದು ಜಮೆಯಲ್ಲಿದೆ. ಕುಟುಂಬದಲ್ಲಿ ಇನ್ನೂ ಒಮ್ಮತವಾಗಿಲ್ಲ.

ಕಳೆದ ತಿಂಗಳು ಮೊಮ್ಮಗಳು ಹಳ್ಳಿಮನೆಗೆ ಬಂದಿದ್ದಳು. ಜಗುಲಿಯ ಗೋಡೆಯ ಮೇಲೆ ಹಳೆಯ ಕುಟುಂಬಚಿತ್ರವೊಂದಿದೆ. ಅಂಚಿನಲ್ಲಿ ಹೆಗಲ ಮೇಲೆ ಟವೆಲು ಹಾಕಿಕೊಂಡು ಅಣ್ಣ ನಿಂತಿದ್ದಾನೆ. ಅವಳು ಅವನನ್ನು ತೋರಿಸಿ, ಹೆಸರು ಏನು ಎಂದು ಕೇಳಿದಳು. ಮನೆಯಲ್ಲಿ ಅವನಿಗೆ ನಾವು ಮಾಡುತ್ತಿದ್ದ ಸನ್ನೆ ಬಾಯಿಯ ಮೇಲೆ ಅಡ್ಡ ಕೈ. ಅದನ್ನು ಈ ಮಗುವಿಗೆ ತೋರಿಸಲು ಕೈ ಏಳಲಿಲ್ಲ. ಅಪ್ಪಯ್ಯ ಅವನಿಗೆ ಇಟ್ಟದ್ದು ಹದಿನಾಲ್ಕನೆಯ ತೀರ್ಥಂಕರರ ಹೆಸರು. ಎಡಗೈಯನ್ನು ಅಗಲಿಸಿ ಬರೆಯತೊಡಗಿದೆ. ಮೊದಲನೆಯದು ಎ, ಎ ಎಂದರೆ ಎಡಗೈ ಹೆಬ್ಬೆರಳ ತುದಿ. ಆ ಹೆಸರಿನಲ್ಲಿ ಅದನ್ನು ಮೂರು ಸಲ ಮುಟ್ಟಬೇಕು. ಎ, ಎನ್, ಎ, ಎನ್, ಟಿ, ಎಚ್, ಎ. ಅವಳು ಹುಬ್ಬು ಗಂಟಿಕ್ಕಿ, ಮತ್ತೊಮ್ಮೆ ಎಂದಳು. ಮತ್ತೊಮ್ಮೆ ಬರೆದೆ. ಎರಡನೆಯ ಅಕ್ಷರಕ್ಕೆ ಬಂದಾಗ ತಡೆದು, ನನ್ನ ಅಂಗೈಯ ಮೇಲೆ ಮಲಗಿದ್ದ ಮೂರು ಬೆರಳುಗಳನ್ನು ನೋಡಿ, ಮೂರನೆಯದನ್ನು ತಾನೇ ಮೆಲ್ಲಗೆ ಮಡಿಚಿದಳು.